ಲೀಟರಿಗೆ ಎರಡು ರೂಪಾಯಿ ಜಾಸ್ತಿ

೩ ಜನವರಿ ೨೦೦೫, ಸೋಮವಾರ

ಗೊಬ್ಬರದ ಕಂಪನಿಯವರು ಹೊಸ ವರ್ಷಕ್ಕೆಂದು ಬಂಕಿಗೆ ತಂದುಕೊಟ್ಟ ಡೈರಿಗಳಲ್ಲಿ ಇದೊಂದು ಉಳಿದಿತ್ತು. ಯಾರೂ ಕೇಳಲಿಲ್ಲ, ನಾನು ತಂದುಕೊಂಡೆ. ಇಂಥದ್ದು ಬರೆದು ಅಭ್ಯಾಸವಿಲ್ಲ. ಆದರೆ ಇವತ್ತು ಎಲ್ಲಾದರೂ ಹೇಳಿಕೊಳ್ಳದಿದ್ದರೆ ತಲೆ ಸಿಡಿಯುತ್ತದೆ, ಹೇಳಿಕೊಳ್ಳುವುದಕ್ಕೆ ನನಗೆ ಯಾರೂ ಇಲ್ಲ.

ಆನೇಮಹಲ್ ಬಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತು ಐದು ತಿಂಗಳಾಯಿತು. ಆ ಗಾಜಿನ ಗೂಡು ನನಗೆ ಒಗ್ಗಿಹೋಗಿತ್ತು. ತೂತಿನೊಳಗಿಂದ ದುಡ್ಡು ಬರುತ್ತದೆ, ಚಿಲ್ಲರೆ ಹೋಗುತ್ತದೆ. ಬಾಯಿ ತೆರೆಯುವ ಅಗತ್ಯವೇ ಇಲ್ಲ. ಇವತ್ತು ಸಂಜೆ ಓನರ್ ಯೋಗಾನಂದ್ ಸಾರ್ ಕರೆದು, "ನಾಳಿದ್ದಿಂದ ಹೊಸ ಪಂಪ್ ಶುರುವಾಯ್ತದೆ ತನುಜಾ. ಪ್ರೀಮಿಯಂ ಡೀಸೆಲ್. ಲೀಟರಿಗೆ ಎರಡು ರೂಪಾಯಿ ಜಾಸ್ತಿ. ನೀನು ಹೊರಗೆ ನಿಂತು ಗಾಡಿಯವರಿಗೆ ಹೇಳಿ ಹಾಕಿಸ್ಬೇಕು" ಎಂದರು.

"ನಾನಾ ಸಾರ್?"

"ಹುಡುಗರು ಹೇಳಿದ್ರೆ ಡ್ರೈವರುಗಳು ಬೈತಾರೆ. ಹೆಣ್ಮಕ್ಳು ಹೇಳಿದ್ರೆ ನಿಂತು ಕೇಳ್ತಾರೆ."

ಆಗುವುದಿಲ್ಲ ಎನ್ನಬೇಕೆಂದುಕೊಂಡೆ. ಅದನ್ನು ಹೇಳುವುದಕ್ಕೂ ಬಾಯಿ ಬರಲಿಲ್ಲ. ತಲೆಯಾಡಿಸಿ ಬಂದೆ.

ಅರಸೀಕೆರೆಯಲ್ಲಿ, ಗಂಡನ ಮನೆಯಲ್ಲಿ ನಾನು ಏನು ಮಾತಾಡಿದರೂ ಅವರು ಅದನ್ನೇ ನನ್ನ ಧ್ವನಿಯಲ್ಲಿ ಹಿಂದಕ್ಕೆ ಹೇಳಿ ತೋರಿಸುತ್ತಿದ್ದರು. ಅತ್ತೆ, ನಾದಿನಿ, ಬಂದ ನೆಂಟರು ಎಲ್ಲ ನಗುತ್ತಿದ್ದರು. ಹೊಡೆಯಲಿಲ್ಲ, ಬಡಿಯಲಿಲ್ಲ, ಹಾಗಾಗಿ ಯಾರಿಗೂ ಇದನ್ನು ದೂರು ಎಂದು ಹೇಳಿಕೊಳ್ಳಲು ಬರುವುದಿಲ್ಲ. ಮೂರು ವರ್ಷ ಇದ್ದೆ. ಕೊನೆಯ ವರ್ಷ ಮಾತು ನಿಲ್ಲಿಸಿದ್ದೆ. ಗಂಡನನ್ನು ಬಿಟ್ಟು ಊರಿಗೆ ಬಂದು ಈಗ ಹದಿನಾಲ್ಕು ತಿಂಗಳು.

ಮುಂದಕ್ಕೆ ಬರೆಯಲಾರೆ. ಕೂತಲ್ಲಿ ಕೂರಲಾಗುತ್ತಿಲ್ಲ.

೫ ಜನವರಿ, ಬುಧವಾರ

ನಿನ್ನೆ ಡೀಸೆಲ್ ಕಂಪನಿಯ ಸೇಲ್ಸ್ ಆಫೀಸರ್ ಬಂದು ಮೂರು ವಾಕ್ಯ ಕಲಿಸಿದರು. ಇಂಜಿನ್ ಒಳಗೆ ಕ್ಲೀನ್ ಆಗಿರುತ್ತದೆ. ಪಿಕಪ್ ಚೆನ್ನಾಗಿ ಬರುತ್ತದೆ. ಮೈಲೇಜ್ ಹೆಚ್ಚುತ್ತದೆ. ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ ಬಾಯಲ್ಲೇ ಹೇಳಿಕೊಂಡು ಬಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮಂತ್ರ ಹೇಳುತ್ತಿದ್ದೇನೆ ಎಂದುಕೊಂಡಿರಬೇಕು.

ಇಪ್ಪತ್ತಮೂರು ಗಾಡಿಗೆ ಹೇಳಿದೆ. ಹಾಕಿಸಿದ್ದು ಒಬ್ಬರು, ಅವರೂ ಗೊತ್ತಿಲ್ಲದೆ. ಮಂಗಳೂರಿಗೆ ಹೋಗುವ ಲಾರಿಯ ಡ್ರೈವರ್, ಬಿಳಿ ಮೀಸೆಯವರು, ಮೂರೂ ವಾಕ್ಯವನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನೀನು ಯಾವ ಗಾಡಿಗೆ ಹಾಕಿ ನೋಡಿದ್ದೀಯಮ್ಮ?" ಎಂದರು. ಮಾಮೂಲಿ ಡೀಸೆಲ್ಲನ್ನೇ ತುಂಬಿಸಿಕೊಂಡು ಘಾಟಿ ಕಡೆಗೆ ಹೋದರು.

ಸಕಲೇಶಪುರಕ್ಕೆ ವಾಪಸು ಬಂದಾಗ ಮೀನಾಕ್ಷಿ ಚಿಕ್ಕಮ್ಮ ಮುಖ ನೋಡಿ ಏನೂ ಕೇಳದೆ ರೊಟ್ಟಿ ಹಾಕಿದರು. ಅವರ ಮನೆಯಲ್ಲಿ ಇರುವುದಕ್ಕೆ ಒಂದು ಸುಖವೆಂದರೆ ಅವರು ಏನನ್ನೂ ಕೇಳುವುದಿಲ್ಲ.

೮ ಜನವರಿ, ಶನಿವಾರ

ಹನ್ನೊಂದು ಗಂಟೆಗೆ ಬಂಕಿನೊಳಗೆ ಅಪ್ಪನ ಜೀಪು ಬಂತು. ನಾನು ದಂಗಾದೆ. ನಮ್ಮೂರು ಕೆ. ಹೊಸಕೋಟೆಯಲ್ಲಿ ಕೆಲಸದವರನ್ನು ಹತ್ತಿಸಿಕೊಂಡು ಎಸ್ಟೇಟುಗಳಿಗೆ ಬಿಟ್ಟು ಬರುವುದು ಅಪ್ಪನ ಕೆಲಸ. ಕಾಫಿ ಹಣ್ಣು ಕೀಳುವ ಈ ಸೀಸನ್ನಿನಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಡೀಸೆಲ್ಲಿಗೆ ಆಲೂರಿಗೆ ಹೋಗುತ್ತಾರೆ. ಇಷ್ಟು ದೂರ ಯಾಕೆ ಬಂದೆ ಎಂದರೆ, "ಸಕಲೇಶಪುರದಲ್ಲಿ ಒಂದು ಸಣ್ ಕೆಲ್ಸ ಇತ್ತು ಕಣವ್ವ" ಎಂದರು. ಕೆಲಸ ಏನೆಂದು ಹೇಳಲಿಲ್ಲ.

ನಾನು ಮಾಮೂಲಿ ಪಂಪಿನ ಕಡೆ ಕೈ ತೋರಿಸಿದೆ. ಅಪ್ಪ ಜೀಪನ್ನು ಸೀದಾ ತಂದು ನನ್ನ ಮುಂದೆ ನಿಲ್ಲಿಸಿಕೊಂಡು, "ಇದೇನಿದು ಹೊಸಾದು? ಹೇಳು ನೋಡಾನ" ಎಂದರು, ಗೊತ್ತೇ ಇಲ್ಲದ ಗಿರಾಕಿಯ ಹಾಗೆ. ಹುಡುಗರೆಲ್ಲ ನೋಡುತ್ತಿದ್ದರು. ನಾಚಿಕೆಯಿಂದ ಮೂರು ವಾಕ್ಯವನ್ನು ಒಂದೇ ಉಸಿರಿಗೆ ಹೇಳಿದೆ.

"ಇನ್ನೊಂದ್ಸಲ ಹೇಳು. ಪಿಕಪ್ ಏನಾಯ್ತದೆ?"

ಇನ್ನೊಂದು ಸಲ ಹೇಳಿದೆ. ಹದಿನೈದು ಲೀಟರ್ ಹಾಕಿಸಿದರು. ಆಗ ನನಗೆ ಆ ಬಿಳಿ ಮೀಸೆಯವರ ಪ್ರಶ್ನೆ ನೆನಪಾಯಿತು. "ಅಪ್ಪ, ಲೀಟರಿಗೆ ಎಷ್ಟು ಕಿಲೋಮೀಟರ್ ಬರ್ತದೆ ಅಂತ ನೋಡಿ ಹೇಳ್ತೀಯಾ? ಸರಿಯಾಗಿ ಬರ್ಕೊಂಡು ಹೇಳ್ಬೇಕು" ಎಂದೆ. ಅಪ್ಪ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. "ಹೂಂ ಕಣವ್ವ. ಹೇಳ್ತೀನಿ. ಯಾಕೆ ಹೇಳಲ್ಲ?" ಎಂದರು.

೧೩ ಜನವರಿ, ಗುರುವಾರ

ಹನ್ನೆರಡೂವರೆ!

ಅಪ್ಪ ಇವತ್ತು ಮತ್ತೆ ಬಂದಿದ್ದರು. ಮೊದಲು ಲೀಟರಿಗೆ ಹತ್ತೂವರೆ ಬರುತ್ತಿತ್ತಂತೆ, ಈಗ ಹನ್ನೆರಡೂವರೆ. ನಾನು ನಂಬಲಿಲ್ಲ. "ಸರಿಯಾಗಿ ನೋಡಿದ್ಯಾ?" ಎಂದು ಮೂರು ಸಲ ಕೇಳಿದೆ. ಮೂರು ಸಲವೂ ಹನ್ನೆರಡೂವರೆ ಎಂದರು. ಕೂತು ಲೆಕ್ಕ ಹಾಕಿದೆ. ಎರಡು ರೂಪಾಯಿ ಹೆಚ್ಚು ಕೊಟ್ಟರೂ ಉಳಿತಾಯವೇ. ಹಾಗಾದರೆ ಆಫೀಸರ್ ಹೇಳಿದ್ದು ಸುಳ್ಳಲ್ಲ, ನಾನು ಹೇಳುತ್ತಿರುವುದೂ ಸುಳ್ಳಲ್ಲ.

ಮಧ್ಯಾಹ್ನದ ಮೇಲೆ ಮೂರು ವಾಕ್ಯ ಬಿಟ್ಟುಬಿಟ್ಟೆ. ಜೀಪಿನವರು ಬಂದರೆ, "ಅಣ್ಣ, ನಮ್ಮಪ್ಪನ ಜೀಪಿಗೆ ಹಾಕಿ ನೋಡಿದೀವಿ. ಹತ್ತೂವರೆ ಕೊಡ್ತಿದ್ದದ್ದು ಹನ್ನೆರಡೂವರೆ ಕೊಡ್ತಾ ಐತೆ" ಎಂದೆ. ಎಷ್ಟು ಸಲೀಸಾಗಿ ಬಂತು! ಒಂಬತ್ತು ಗಾಡಿಯವರು ಹಾಕಿಸಿದರು.

೧೭ ಜನವರಿ, ಸೋಮವಾರ

ನನಗೆ ಹೆಸರಿಟ್ಟಿದ್ದಾರೆ. ಪ್ರೀಮಿಯಮ್ಮ. ಹಾನುಬಾಳಿನ ಕಡೆಯ ಪಿಕಪ್ ಗಾಡಿಯವನು ದೂರದಿಂದಲೇ, "ಪ್ರೀಮಿಯಮ್ಮೋರೇ, ಹತ್ತು ಲೀಟರು!" ಎಂದು ಕೂಗಿದ. ಎಲ್ಲರೂ ನಕ್ಕರು. ಒಳಗೆ ಹೋಗಿ ಗಾಜಿನ ಗೂಡಿನಲ್ಲಿ ಕೂತುಬಿಡೋಣ ಎನ್ನಿಸಿತು.

ಹೋಗಲಿಲ್ಲ. "ಹತ್ತು ಯಾಕಣ್ಣ, ಇಪ್ಪತ್ತು ಹಾಕ್ಸು" ಎಂದೆ. ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ. ಅವನು ಇಪ್ಪತ್ತು ಹಾಕಿಸಿದ.

ಇನ್ನು ಮುಂದೆ ಯಾರಾದರೂ ಆ ಹೆಸರಿನಿಂದ ಕರೆದರೆ ತಿರುಗಿ ನೋಡಬಾರದು.

೨೨ ಜನವರಿ, ಶನಿವಾರ

ಕಂಪನಿಯವರು ಪೈಪೋಟಿ ಇಟ್ಟಿದ್ದಾರೆ. ಫೆಬ್ರವರಿ ಕೊನೆಯವರೆಗೆ ಜಿಲ್ಲೆಯಲ್ಲಿ ಯಾರು ಹೆಚ್ಚು ಪ್ರೀಮಿಯಂ ಮಾರುತ್ತಾರೋ ಅವರಿಗೆ ಹಾಸನದಲ್ಲಿ ಬಹುಮಾನ. ನಾನು ಗೆದ್ದರೆ ಸೂಪರ್‌ವೈಸರ್ ಮಾಡುತ್ತೇನೆಂದು ಯೋಗಾನಂದ್ ಸಾರ್ ಹೇಳಿದರು. ಕೇಳಿದಾಗಿನಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಗಾಡಿ ಬರದಿದ್ದರೆ ರಸ್ತೆಯವರೆಗೂ ಹೋಗಿ ನೋಡಿ ಬರುತ್ತೇನೆ.

ಬಿಳಿ ಮೀಸೆಯವರು ಎರಡು ಟ್ರಿಪ್ಪಿಗೆ ಪ್ರೀಮಿಯಂ ಹಾಕಿಸಿ ನೋಡಿದ್ದರು. ಇವತ್ತು ಮಾಮೂಲಿಗೆ ವಾಪಸು. "ಏನೂ ವ್ಯತ್ಯಾಸ ಇಲ್ಲ ಕಣಮ್ಮ. ಮೈಲೇಜ್ ಇರೋದು ಡ್ರೈವರ್ ಕಾಲಲ್ಲಿ, ಟ್ಯಾಂಕಲ್ಲಲ್ಲ" ಎಂದರು.

"ನಮ್ಮಪ್ಪನ ಜೀಪಲ್ಲಿ ಬಂದೈತಲ್ಲ?"

"ಬಂದಿದ್ರೆ ಸಂತೋಷ."

ಅವರು ಜಗಳವಾಡಿದ್ದರೆ ಚೆನ್ನಾಗಿತ್ತು. ಸಂತೋಷ ಎಂದುಬಿಟ್ಟರು. ಸಂಜೆಯವರೆಗೂ ಆ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಊಟಕ್ಕೆ ಕೂತಾಗ ಚಿಕ್ಕಮ್ಮನಿಗೆ ಎಲ್ಲವನ್ನೂ ವಿವರಿಸಿದೆ, ಲಾರಿ ಬೇರೆ, ಜೀಪು ಬೇರೆ, ಘಾಟಿ ಬೇರೆ, ಊರ ರಸ್ತೆ ಬೇರೆ ಎಂದು. ಅವರು, "ಅನ್ನ ಆರಿಹೋಯ್ತು ಕಣೇ" ಎಂದರು.

೨೯ ಜನವರಿ, ಶನಿವಾರ

ಪಟ್ಟಣದ ಡಾಕ್ಟರೊಬ್ಬರ ಹೊಸ ಕಾರು. ಅವರು ತಾವಾಗಿಯೇ ಪ್ರೀಮಿಯಂ ಕೇಳಿದರು. ವ್ಯತ್ಯಾಸ ಗೊತ್ತಾಗುತ್ತದೆಯೇ ಎಂದು ಕೇಳಿದೆ. "ಸದ್ದು ಕಡಿಮೆ ಅನ್ನಿಸ್ತದೆ. ಅಥವಾ ದುಡ್ಡು ಕೊಟ್ಟಿದೀನಿ ಅಂತ ಹಂಗನ್ನಿಸ್ತದೋ!" ಎಂದು ನಕ್ಕರು.

ಡಾಕ್ಟರೇ ಹೀಗೆ ಹೇಳಿದರೆ ಹೇಗೆ?

೫ ಫೆಬ್ರವರಿ, ಶನಿವಾರ

ಅಪ್ಪ ಶನಿವಾರ ತಪ್ಪಿಸುವುದಿಲ್ಲ. ಈಗ ನನ್ನ ಪಂಪಿನ ಮುಂದೆ ಜೀಪು ನಿಲ್ಲಿಸಿ, ಬೇರೆ ಗಾಡಿಗಳಿಗೆ ನಾನು ಹೇಳುವುದನ್ನೆಲ್ಲ ಕೇಳುತ್ತ ಅರ್ಧ ಗಂಟೆ ಹಾಗೇ ಇರುತ್ತಾರೆ. ಜಾಗ ಬಿಡು ಎಂದು ಇವತ್ತು ಗದರಿದೆ.

ಅವರು ಹೇಳಿದ್ದು: ಆಲೂರಿನ ಮೆಕ್ಯಾನಿಕ್ ಗುಂಡಯ್ಯ ಜೀಪಿನ ಸದ್ದು ಕೇಳಿ, ಇಂಜಿನ್ನಿಗೆ ಡೀಸೆಲ್ ಕೊಡುವ ಪಂಪು ಸವೆದಿದೆ, ಹಾಸನಕ್ಕೆ ಕಳಿಸಿ ರಿಪೇರಿ ಮಾಡಿಸಬೇಕು, ನಾಲ್ಕು ದಿನ ಗಾಡಿ ನಿಲ್ಲಿಸು ಎಂದಿದ್ದಾನೆ. "ಏನ್ ಮಾಡಾನ ಹೇಳು?" ಎಂದು ನನ್ನನ್ನು ಕೇಳಿದರು. ಸೀಸನ್ನಿನಲ್ಲಿ ನಾಲ್ಕು ದಿನ ನಿಲ್ಲಿಸಿದರೆ ಎಸ್ಟೇಟಿನವರು ಬೇರೆ ಗಾಡಿ ಹಿಡಿಯುತ್ತಾರೆ.

"ಹೊಗೆ ಬರ್ತಾ ಐತಾ?"

"ಮೊದ್ಲಿನಷ್ಟು ಇಲ್ಲ."

"ಹಂಗಾದ್ರೆ ಡೀಸೆಲ್ಲೇ ಒಳಗೆ ಕ್ಲೀನ್ ಮಾಡ್ತಾ ಐತೆ ಅಪ್ಪ. ಸೀಸನ್ ಮುಗೀಲಿ, ಆಮೇಲೆ ಮಾಡ್ಸು" ಎಂದೆ. ಸರಿ ಎಂದು ಹೋದರು.

ಇದಕ್ಕೆ ಮುಂಚೆ ಅಪ್ಪ ಯಾವ ವಿಷಯಕ್ಕೂ ನನ್ನ ಅಭಿಪ್ರಾಯ ಕೇಳಿದ್ದು ನೆನಪಿಲ್ಲ.

೧೨ ಫೆಬ್ರವರಿ, ಶನಿವಾರ

ಜಿಲ್ಲೆಯಲ್ಲಿ ಎರಡನೇ ಸ್ಥಾನ. ಮೊದಲನೆಯವರು ಚನ್ನರಾಯಪಟ್ಟಣದ ಬಂಕಿನವರು. ಬೇರೆ ಏನೂ ಬರೆಯಲು ತೋಚುತ್ತಿಲ್ಲ. ರಾತ್ರಿಯಿಡೀ ಕನಸಿನಲ್ಲೂ ಮೀಟರ್ ಓಡುತ್ತದೆ.

೧೯ ಫೆಬ್ರವರಿ, ಶನಿವಾರ. ಊರಿನಲ್ಲಿ

ನಿನ್ನೆ ಬೆಳಿಗ್ಗೆ ಎಂಟು ಗಂಟೆಗೆ ಎಸ್ಟೇಟಿನ ಏರಿನಲ್ಲಿ ಅಪ್ಪನ ಜೀಪಿನ ಇಂಜಿನ್ ನಿಂತುಹೋಯಿತು. ಒಳಗೆ ಹಣ್ಣು ಕೀಳುವ ಹೆಂಗಸರು ಹನ್ನೊಂದು ಜನ. ಇಂಜಿನ್ ನಿಂತ ಮೇಲೆ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿ ಒತ್ತಲು ಆಗಲಿಲ್ಲವಂತೆ. ಜೀಪು ಹಿಂದಕ್ಕೆ ಜಾರತೊಡಗಿತು. ಎಡಕ್ಕೆ ಪ್ರಪಾತ, ಬಲಕ್ಕೆ ಗುಡ್ಡ ಕಡಿದ ಮಣ್ಣಿನ ಧರೆ. ಅಪ್ಪ ಸ್ಟೇರಿಂಗ್ ಎಳೆದು ಹಿಂಬದಿಯನ್ನು ಧರೆಗೆ ಕೊಟ್ಟರು. ಜೀಪು ಒರಗಿಕೊಂಡು ನಿಂತಿತು. ಅಪ್ಪನ ಬಲಗಡೆಯ ಹೆಗಲ ಮೂಳೆ ಮುರಿದಿದೆ. ಕಲ್ಯಾಣಮ್ಮ ಎನ್ನುವವರು ಹೆದರಿ ಕೆಳಗೆ ಹಾರಿ ಕಾಲು ಉಳುಕಿಸಿಕೊಂಡರು. ಉಳಿದವರಿಗೆ ತರಚಿದ ಗಾಯ.

ಹನ್ನೊಂದು ಜನ.

ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿ ಸಂಜೆ ಮನೆಗೆ ಕರೆತಂದೆವು. ನೋಡಲು ಬಂದವರಲ್ಲಿ ಯಾರೋ, "ಅದೇನೋ ದುಬಾರಿ ಡೀಸೆಲ್ ಹಾಕುಸ್ತಿದ್ನಲ್ಲ ಚಂದ್ರಯ್ಯ, ಅದರಿಂದ್ಲೇ ಆಗಿರ್ಬೇಕು" ಎಂದರು. ಮಲಗಿದ್ದ ಅಪ್ಪ ತಲೆ ಎತ್ತಿಬಿಟ್ಟರು. "ನನ್ನ ಮಗಳ ಡೀಸೆಲ್ಲಿನ ತಂಟೆಗೆ ಬರ್ಬೇಡಿ. ಅದೊಂದು ಸರಿಯಾಗಿತ್ತು ಆ ಗಾಡೀಲಿ" ಎಂದರು. ನೋವಿಗೆ ಮುಖ ಕಿವುಚಿಕೊಂಡಿತು.

ನಾನು ಅಡುಗೆಮನೆಗೆ ಹೋದೆ. ಅವ್ವ ಸಾರಿಗೆ ಕಾರ ಅರೆಯುತ್ತಿದ್ದಳು. "ರಿಪೇರಿ ಮಾಡಿಸ್ಬೇಡ ಅಂತ ನಾನೇ ಹೇಳಿದ್ದು ಅವ್ವ" ಎಂದೆ. ಅವಳು ಕೈ ನಿಲ್ಲಿಸಲಿಲ್ಲ. "ನೀನು ಹೇಳಿದ್ದೆ ಅಂತ ನಿಮ್ಮಪ್ಪನೂ ಹೇಳಿದ್ರು" ಎಂದಳು. ಅದರಲ್ಲಿ ಬೈಗುಳ ಇತ್ತೋ ಇಲ್ಲವೋ ತಿಳಿಯಲಿಲ್ಲ.

೨೦ ಫೆಬ್ರವರಿ, ಭಾನುವಾರ

ಕಲ್ಯಾಣಮ್ಮನ ಮನೆಗೆ ಹೋಗಿದ್ದೆ. ಕಾಲು ಕುಂಬಳಕಾಯಿಯಷ್ಟು ಊದಿದೆ. ಈ ಸೀಸನ್ನಿನ ಕೂಲಿ ಅವರಿಗೆ ಹೋಯಿತು. ನನ್ನನ್ನು ನೋಡಿ, "ನಿಮ್ಮಪ್ಪ ಇಲ್ದಿದ್ರೆ ನಾವೆಲ್ಲ ಕೆಳಗಿರ್ತಿದ್ವಿ ಕಣವ್ವ" ಎಂದು ನನ್ನ ಕೈ ಹಿಡಿದುಕೊಂಡರು. ರಿಪೇರಿ ಬೇಡವೆಂದದ್ದು ನಾನೇ ಎಂದು ಹೇಳಲು ಹೋಗಿದ್ದವಳು ಹೇಳದೆ ಬಂದೆ.

೨೪ ಫೆಬ್ರವರಿ, ಗುರುವಾರ

ಬಂಕಿಗೆ ರಜೆ ಹಾಕಿ ಆಲೂರಿಗೆ ಹೋದೆ. ಗುಂಡಯ್ಯನ ಶೆಡ್ಡಿನಲ್ಲಿ ಜೀಪು ಬಾನೆಟ್ ತೆರೆದುಕೊಂಡು ನಿಂತಿತ್ತು. ಡೀಸೆಲ್ ಫಿಲ್ಟರ್ ಬಿಚ್ಚಿ ತೋರಿಸಿದ. ಒಳಗೆಲ್ಲ ಕಪ್ಪು ಕೆಸರು.

"ಪ್ರೀಮಿಯಂನಿಂದ ಆದದ್ದಾ ಗುಂಡಯ್ಯಣ್ಣ?"

ಅವನು ಕೈ ಒರೆಸಿಕೊಂಡು ಯೋಚಿಸಿದ. "ಟ್ಯಾಂಕ್ ತೊಳೆದು ಹತ್ತು ವರ್ಷ ಆಗೈತೆ. ತಳದಲ್ಲಿದ್ದ ಕೊಳೆ ಅದು ಎಬ್ಬಿಸಿರಬಹುದು. ಇಲ್ದೇನೂ ಇರಬಹುದು. ಹೆಂಗವ್ವ ಹೇಳಾದು? ಪಂಪು ಮಾತ್ರ ಮೊದ್ಲೇ ಹೋಗಿತ್ತು. ಒಳಗೆ ಸವೆದಿದ್ದಕ್ಕೆ ನೀನು ಯಾವ ಡೀಸೆಲ್ ಹಾಕಿದ್ರೂ ಅಷ್ಟೇಯ."

"ಆದ್ರೆ ಮೈಲೇಜ್ ಬರ್ತಿತ್ತಲ್ಲ? ಹನ್ನೆರಡೂವರೆ?"

"ಯಾರಂದ್ರು?"

"ಅಪ್ಪ ಬರ್ಕೊಂಡು ಹೇಳಿದ್ರು."

ಗುಂಡಯ್ಯ ನನ್ನನ್ನು ಒಂದು ಥರ ನೋಡಿದ. ಆಮೇಲೆ ಡ್ಯಾಶ್‌ಬೋರ್ಡಿನ ಮೇಲಿನ ದೂಳು ಹೆಬ್ಬೆರಳಿನಲ್ಲಿ ಒರೆಸಿದ. "ಈ ಗಾಡೀದು ಕಿಲೋಮೀಟರ್ ಓಡದೇ ಎರಡು ವರ್ಷ ಆತಲ್ಲವ್ವ. ಕೇಬಲ್ ಕಿತ್ತೋಗಿ ಅಂಗೇ ಬಿಟ್ಟವ್ರೆ."

ನಾನು ಆ ಜೀಪಿನ ಮುಂದಿನ ಸೀಟಿನಲ್ಲಿ ಕೂತಿದ್ದೇನೆ. ಅರಸೀಕೆರೆಯಿಂದ ಟ್ರಂಕು ಸಮೇತ ಬಂದ ದಿನ ಕೂತಿದ್ದೆ. ಕೆಲಸಕ್ಕೆ ಸೇರಿಸಲು ಅಪ್ಪ ಕರೆತಂದ ದಿನ ಕೂತಿದ್ದೆ. ಒಂದು ಸಲವೂ ಆ ಮೀಟರಿನ ಕಡೆ ನೋಡಿಲ್ಲ.

೨೫ ಫೆಬ್ರವರಿ, ಶುಕ್ರವಾರ

ನಾನೂರು ಗಾಡಿಗಾದರೂ ಹೇಳಿದ್ದೇನೆ. ಐನೂರೂ ಇರಬಹುದು. ನಮ್ಮಪ್ಪನ ಜೀಪು, ನಮ್ಮಪ್ಪನ ಜೀಪು.

೨೭ ಫೆಬ್ರವರಿ, ಭಾನುವಾರ

ಅಪ್ಪನನ್ನು ಕೇಳಬೇಕೆಂದು ಊರಿಗೆ ಹೋಗಿದ್ದೆ. ಎಡಗೈಯಲ್ಲಿ ಗಂಜಿ ಚೆಲ್ಲಿಕೊಂಡು ಕುಡಿಯುತ್ತಿದ್ದರು. ಕೇಳಲಿಲ್ಲ. ಹೊರಟು ಬಂದೆ. ಯಾಕೆ ಇಷ್ಟು ಬೇಗ ಎಂದು ಅವ್ವ ಕೂಗಿದಳು.

೨ ಮಾರ್ಚ್, ಬುಧವಾರ

ಪೈಪೋಟಿಯಲ್ಲಿ ನಾನೇ ಮೊದಲು ಬಂದಿದ್ದೇನೆ. ಯೋಗಾನಂದ್ ಸಾರ್ ಹುಡುಗರಿಗೆಲ್ಲ ಮೈಸೂರು ಪಾಕ್ ಹಂಚಿದರು. ಶನಿವಾರ ಹಾಸನದಲ್ಲಿ ಸಮಾರಂಭ. ಎರಡು ಮಾತಾಡಬೇಕಂತೆ. ಬೇಡ ಸಾರ್ ಎಂದೆ. "ಜಿಲ್ಲೆಗೆಲ್ಲ ಮಾತಾಡಿ ಮಾರಿದೋಳು ಹಿಂಗಂದ್ರೆ ಹೆಂಗೆ?" ಎಂದರು.

ತುಟಿಗೆ ಹತ್ತಿದ ಸಿಹಿಯನ್ನು ಒರೆಸಿಕೊಂಡೆ. ಉಳಿದ ತುಂಡನ್ನು ಕಾಗದದಲ್ಲಿ ಸುತ್ತಿಟ್ಟೆ.

೫ ಮಾರ್ಚ್, ಶನಿವಾರ

ಈಗಷ್ಟೇ ಹಾಸನದಿಂದ ಊರಿಗೆ ಬಂದೆ.

ಹೋಟೆಲಿನ ಮೇಲಿನ ಹಾಲ್. ಬಂಕುಗಳ ಓನರುಗಳು, ಕೆಲಸದವರು, ಎಲ್ಲ ಸೇರಿ ಅರವತ್ತು ಜನ. ಮೂರನೆಯವರಿಗೆ ಗೋಡೆ ಗಡಿಯಾರ, ಎರಡನೆಯವರಿಗೆ ಕುಕ್ಕರ್, ನನಗೆ ಮಿಕ್ಸಿ. ಆಮೇಲೆ ಆಫೀಸರ್ ಮೈಕನ್ನು ನನ್ನ ಕೈಗೆ ಕೊಟ್ಟು, "ನಿಮ್ಮ ಗುಟ್ಟೇನು ಹೇಳಿ ಮೇಡಂ" ಎಂದರು.

ವಂದನೆ ಹೇಳಿ ಇಳಿದುಬಿಡುವುದೆಂದು ಬಸ್ಸಿನಲ್ಲಿ ತೀರ್ಮಾನಿಸಿಕೊಂಡಿದ್ದೆ. ಆದರೆ ಗುಟ್ಟು ಎಂದು ಕೇಳಿದಾಗ ಬೇರೆಯದೇ ಬಂತು. "ನಮ್ಮಪ್ಪನ ಜೀಪು ಲೀಟರಿಗೆ ಹನ್ನೆರಡೂವರೆ ಕೊಡುತ್ತೆ ಅಂತ ಎಲ್ಲರಿಗೂ ಹೇಳಿದೆ. ನಂಬಿ ಹಾಕಿಸಿಕೊಂಡರು. ಆ ಜೀಪಿನ ಕಿಲೋಮೀಟರ್ ಮೀಟರ್ ಕೆಟ್ಟು ಎರಡು ವರ್ಷ ಆಗಿದೆ" ಎಂದೆ.

ಇಡೀ ಹಾಲ್ ನಕ್ಕಿತು. ಮೇಜು ಬಡಿದು ನಕ್ಕರು. ಆಫೀಸರ್ ಕಣ್ಣೊರೆಸಿಕೊಂಡರು. ಅರಸೀಕೆರೆಯ ನಡುಮನೆಯಲ್ಲಿ ನಿಂತ ಹಾಗಾಯಿತು. ಇಳಿಯಲಿಲ್ಲ. ಮೈಕ್ ಹತ್ತಿರ ಹಿಡಿದು, "ನಾನು ನಿಜ ಹೇಳ್ತಿದ್ದೀನಿ. ಜೀಪು ಮೊನ್ನೆ ಏರಿನಲ್ಲಿ ನಿಂತುಹೋಯ್ತು. ಹನ್ನೊಂದು ಜನ ಇದ್ರು" ಎಂದೆ. ಮುಂದಿನ ಸಾಲಿನವರು ನಗು ನಿಲ್ಲಿಸಿದರು, ಹಿಂದಿನವರು ತಿಳಿಯದೆ ಚಪ್ಪಾಳೆ ತಟ್ಟಿದರು. ಆಫೀಸರ್ ಮೈಕ್ ತೆಗೆದುಕೊಂಡು ಊಟಕ್ಕೆ ಏಳಿ ಎಂದರು.

ಯೋಗಾನಂದ್ ಸಾರ್ ಊಟದಲ್ಲಿ ನನ್ನ ಪಕ್ಕ ಕೂರಲಿಲ್ಲ.

೬ ಮಾರ್ಚ್, ಭಾನುವಾರ

ಬೆಳಿಗ್ಗೆ ಅಪ್ಪ ಜಗಲಿಯ ಮೇಲೆ ಬಿಸಿಲಿಗೆ ಕೂತಿದ್ದರು. ನಿನ್ನೆಯ ಕಥೆ ಹೇಳು ಎಂದರು. ಹೇಳಿದೆ, ಎಲ್ಲವನ್ನೂ, ಮೀಟರಿನ ಮಾತನ್ನೂ. ಈಗ ತಲೆ ತಗ್ಗಿಸುತ್ತಾರೆ ಎಂದು ಕಾದೆ.

"ಎಷ್ಟು ಜನ ಇದ್ರು?" ಎಂದರು.

"ಅರವತ್ತು."

"ಮೈಕ್ ಇತ್ತಾ?"

"ಅಪ್ಪ, ನಾನು ಏನು ಹೇಳ್ತಾ ಇದ್ದೀನಿ, ನೀನು ಏನು ಕೇಳ್ತಾ ಇದ್ದೀಯ?"

"ಅಲ್ಲ ಕಣವ್ವ, ಮೈಕ್ ಇತ್ತಾ ಅಂದೆ."

ನನಗೆ ಎಲ್ಲಿತ್ತೋ ಸಿಟ್ಟು. "ಯಾಕೆ ಸುಳ್ಳು ಹೇಳ್ದೆ? ಹನ್ನೆರಡೂವರೆ ಅಂತ ಯಾಕಂದೆ? ನಿನ್ನ ಮಾತು ನಂಬಿ ನಾನು ಊರಿಗೆಲ್ಲ ಹೇಳಿದೆ. ನಿನ್ನ ಮಾತು ನಂಬಿ ಪಂಪ್ ರಿಪೇರಿ ಬೇಡ ಅಂದೆ. ಹನ್ನೊಂದು ಜನ ಸಾಯ್ತಿದ್ರು!" ಎಂದು ಕಿರುಚಿದೆ. ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ಅವ್ವ ಬಾಗಿಲಿಗೆ ಬಂದಳು.

ಅಪ್ಪ ಹೆಗಲ ಕಟ್ಟಿನ ಮೇಲೆ ಕೈಯಾಡಿಸಿದರು.

"ಪಂಪಿಂದು ನನ್ನ ತಪ್ಪು. ಗುಂಡಯ್ಯ ಹೇಳಿದ ಮೇಲೆ ನಿನ್ನ ಕೇಳಬಾರದಿತ್ತು. ಮೂವತ್ತು ವರ್ಷ ಗಾಡಿ ಓಡ್ಸಿದೋನು ನಾನು. ಆ ಹನ್ನೊಂದು ಜನದ ಮುಖ ಕಣ್ಣಿಗೆ ಬತ್ತಾವೆ." ಆಮೇಲೆ ಹೇಳಿದರು, "ಮೈಲೇಜಿಂದು ಬೇರೆ. ಊರಿಗೆ ಬಂದ ಮೇಲೆ ಒಂದು ವರ್ಷ ನೀನು ಏನನ್ನೂ ಕೇಳಿರ್ಲಿಲ್ಲ ಕಣವ್ವ. ಉಪ್ಪು ಬೇಕು ಅಂತಾನೂ ಕೇಳ್ತಿರ್ಲಿಲ್ಲ. ಅವತ್ತು ಬಂಕಲ್ಲಿ ನಿಂತ್ಕೊಂಡು, ಅಪ್ಪ, ನೋಡಿ ಹೇಳ್ತೀಯಾ ಅಂದೆ. ಮೀಟರ್ ಕೆಟ್ಟೈತೆ ಅಂದ್ಬುಟ್ರೆ ಅಲ್ಲಿಗೇ ಮುಗೀತಿತ್ತು. ಬಾಯಿಗೆ ಬಂದದ್ದು ಹೇಳ್ದೆ."

"ಮತ್ತೆ ಪ್ರತಿ ಶನಿವಾರ ಬರ್ತಿದ್ದದ್ದು?"

"ನೀನು ಅವರಿಗೆಲ್ಲ ಹೇಳೋದ ಕೇಳಾಕೆ."

"ಲೀಟರಿಗೆ ಎರಡು ರೂಪಾಯಿ ಜಾಸ್ತಿ ಕೊಟ್ಟು?"

"ಎರಡು ರೂಪಾಯಿ ಒಂದು ದೊಡ್ದಾ?" ಎಂದರು ಅಪ್ಪ.

ನಾನು ಸಿಟ್ಟು ಇಳಿಯದೆ ಹಿತ್ತಲಿಗೆ ಹೋದೆ. ಒಂದು ರಾಶಿ ಪಾತ್ರೆ ಇತ್ತು, ಎಲ್ಲವನ್ನೂ ತಿಕ್ಕಿದೆ. ತೊಳೆದಿದ್ದನ್ನೂ ತಿಕ್ಕಿದೆ.

೧೦ ಮಾರ್ಚ್, ಗುರುವಾರ

ಬಂಕಿಗೆ ಮಾಮೂಲಾಗಿ ಬರುವ ಹಳೇ ಜೀಪು, ಪಿಕಪ್‌ಗಳ ನಂಬರುಗಳನ್ನು ನೆನಪಿಸಿಕೊಂಡು ಬರೆದೆ. ಹದಿನೇಳಾದವು. ಬಂದ ಹಾಗೆ ಒಬ್ಬೊಬ್ಬರಿಗೂ ಹೇಳುತ್ತಿದ್ದೇನೆ. "ಅಣ್ಣ, ಅವತ್ತು ಹೇಳಿದ ಲೆಕ್ಕ ತಪ್ಪು. ಹೊಸ ಕಾರಿನವರು ಕೆಲವರು ಚೆನ್ನಾಗೈತೆ ಅಂತಾರೆ. ಹಳೇ ಇಂಜಿನ್ನಿಗೆ ನನಗೆ ಗೊತ್ತಿಲ್ಲ. ಮೊದ್ಲು ಟ್ಯಾಂಕ್ ತೊಳ್ಸಿ, ಫಿಲ್ಟರ್ ಬದಲಾಯ್ಸಿ, ಪಂಪ್ ತೋರ್ಸಿ. ಅದೆಲ್ಲ ಆದಮೇಲೂ ದುಡ್ಡು ಮಿಕ್ಕಿದ್ರೆ ಇದು."

ಒಬ್ಬ ಬೈದ. ನಾಲ್ಕು ಜನ ಏನೂ ಅನ್ನಲಿಲ್ಲ. ಹಾನುಬಾಳಿನವನು, "ಏನ್ ಪ್ರೀಮಿಯಮ್ಮೋರೇ, ನಿಮ್ ಅಂಗಡಿಗೆ ನೀವೇ ಬೀಗ ಹಾಕ್ತೀರಾ?" ಎಂದ. "ಫಿಲ್ಟರ್ ಯಾವಾಗ ಬದಲಾಯ್ಸಿದ್ದೆ, ಅದ ಹೇಳು ಮೊದ್ಲು" ಎಂದೆ. ತಲೆ ಕೆರೆದುಕೊಂಡ.

೧೬ ಮಾರ್ಚ್, ಬುಧವಾರ

ಯೋಗಾನಂದ್ ಸಾರ್ ಕರೆಸಿದರು. ಈ ವಾರ ಪ್ರೀಮಿಯಂ ಅರ್ಧಕ್ಕರ್ಧ ಇಳಿದಿದೆ. "ಹಾಸನದಲ್ಲಿ ಮರ್ಯಾದೆ ತೆಗೆದೆ, ಸುಮ್ನಿದ್ದೆ. ಈಗ ಬಂದ ಗಿರಾಕಿಗೆ ಹಾಕಿಸ್ಬೇಡ ಅಂತ ಹೇಳ್ತೀಯಂತೆ?"

"ಹಾಕಿಸ್ಬೇಡಿ ಅಂತ ಅಂದಿಲ್ಲ ಸಾರ್. ಗೊತ್ತಿಲ್ಲ ಅಂತೀನಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತೀನಿ. ನಿಮಗೆ ಗೊತ್ತಿದ್ರೆ ಹೇಳಿ, ನೀವು ಹೇಳಿದ್ರು ಅಂತ ಹೇಳ್ತೀನಿ."

ಅವರು ಕುರ್ಚಿಗೆ ಒರಗಿದರು. "ನನಗೇನು ಗೊತ್ತು ಮಾರಾಯ್ತಿ? ಟ್ಯಾಂಕರ್ ಬರ್ತದೆ, ಮಾರ್ತೀನಿ."

"ಹಂಗಾದ್ರೆ ಇಬ್ಬರಿಗೂ ಗೊತ್ತಿಲ್ಲ. ಒಂದು ಬೋರ್ಡ್ ಹಾಕಾಣ. ಹಳೇ ಗಾಡಿಯವರು ಮೊದಲು ಫಿಲ್ಟರ್ ನೋಡಿಸಿಕೊಳ್ಳಿ ಅಂತ. ನಂಬಿಕೆ ಇದ್ರೆ ಹೊಸ ಗಾಡಿಯವರಾದ್ರೂ ಉಳೀತಾರೆ. ಏನಾದ್ರೂ ಆಗಿ, ನಿಮ್ಮ ಬಂಕಿನ ಹೆಸರು ಹೇಳಿದ್ರೆ ಏನ್ ಮಾಡ್ತೀರಿ?" ಇನ್ನೂ ಏನೇನೋ ಹೇಳಿದೆ. ಹತ್ತು ನಿಮಿಷವಾದರೂ ಹೇಳಿರಬೇಕು. ಹೊರಗೆ ಹುಡುಗರು ಕೆಲಸ ಬಿಟ್ಟು ಕೇಳುತ್ತಿದ್ದರಂತೆ.

ಬೋರ್ಡ್ ಇಲ್ಲ ಎಂದರು. ಸೂಪರ್‌ವೈಸರ್ ಮಾತೂ ಇಲ್ಲ. ನಾಳೆಯಿಂದ ಪ್ರೀಮಿಯಂಗೆ ಬೇರೆ ಹುಡುಗನನ್ನು ಹಾಕುತ್ತಾರೆ. "ನೀನು ಬೇಕಾದ್ರೆ ಒಳಗೆ ಕ್ಯಾಷಿಗೆ ಹೋಗು, ಬೇಡಾಂದ್ರೆ ಮಾಮೂಲಿ ಡೀಸೆಲ್ ಪಂಪಿಗೆ ನಿಂತ್ಕೋ" ಎಂದರು.

"ಹೊರಗೇ ಇರ್ತೀನಿ ಸಾರ್" ಎಂದೆ. ಗೂಡಿನೊಳಗೆ ಸೆಕೆ.

೨೨ ಮಾರ್ಚ್, ಮಂಗಳವಾರ

ಗುಂಡಯ್ಯ ಜೀಪನ್ನು ರಿಪೇರಿ ಮುಗಿಸಿ ಮನೆಗೆ ತಂದು ಬಿಟ್ಟಿದ್ದಾನೆ. ಪಂಪು ಹಾಸನದಿಂದ ಸರಿಯಾಗಿ ಬಂದಿದೆ. ಕಿಲೋಮೀಟರ್ ಮೀಟರಿಗೆ ಹೊಸ ಕೇಬಲ್ಲನ್ನೂ ಹಾಕಿಸಿ ಎಂದು ನಾನೇ ಹೇಳಿದ್ದೆ. ಅಪ್ಪನ ಹೆಗಲಿಗೆ ಇನ್ನೂ ಎರಡು ವಾರ ಬೇಕಂತೆ. ಕಲ್ಯಾಣಮ್ಮ ಕೋಲು ಹಿಡಿದು ನಡೆಯುತ್ತಿದ್ದಾರೆ. ಮಿಕ್ಸಿಯನ್ನು ಅವರಿಗೇ ಕೊಟ್ಟುಬಂದೆ. ಮನೆಗೆ ಇನ್ನೂ ಕರೆಂಟ್ ಎಳೆಸಿಲ್ಲ, ಆದರೂ ಇಟ್ಟುಕೊಳ್ಳುತ್ತೇನೆ ಎಂದರು.

ಇವತ್ತು ಮಧ್ಯಾಹ್ನ ಬಿಳಿ ಮೀಸೆಯವರು ನನ್ನ ಸಾಲಿಗೇ ಲಾರಿ ತಂದು, ತಮ್ಮ ಅಳಿಯ ಹಳೇ ಟೆಂಪೊ ಕೊಳ್ಳುತ್ತಿದ್ದಾನೆ, ಏನೇನು ನೋಡಬೇಕು ಎಂದು ಕೇಳಿದರು. ಗುಂಡಯ್ಯನಿಂದ ಕಲಿತದ್ದನ್ನೆಲ್ಲ ಹೇಳಿದೆ. ಹಿಂದೆ ನಾಲ್ಕು ಗಾಡಿ ಹಾರ್ನ್ ಹೊಡೆಯುತ್ತಿದ್ದವು. ಸಂಜೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ ಅದನ್ನೇ ಹೇಳಿದೆ. ಚಿಕ್ಕಮ್ಮ ಊಟಕ್ಕೆ ಕರೆಯುತ್ತಿದ್ದಾರೆ, ಅವರಿಗೆ ಯೋಗಾನಂದ್ ಸಾರ್ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ ಬಂದಿದ್ದೇನೆ. ದಿನವಿಡೀ ಮಾತಾಡಿ ಗಂಟಲು ಕಟ್ಟಿದೆ. ಇಲ್ಲಿ ಬರೆಯುವುದಕ್ಕೆ ಏನೂ ಉಳಿದಿಲ್ಲ.